ಒಂದೇ ಪಾಠ, ಐದು ಕೈಬರಹ

ಹಣ ಕಟ್ಟಿ ವಿದೇಶಕ್ಕೆ ಸ್ವಯಂಸೇವೆಗೆ ಹೋಗಬೇಕೆಂದಿರುವ ಇಬ್ಬರು ಮೂವರು ಈಚೆಗೆ ನನ್ನನ್ನು ವಿಚಾರಿಸಿದರು. ನಾನು ಹಾಗೆ ಹೋಗಿ ಬಂದವಳು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

ನನಗೆ ಸಿಕ್ಕಿದ್ದು ಮೂರು ವಾರ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸ. ಮೊದಲ ದಿನ ಹಲಗೆಯ ಮೇಲೆ ಬಣ್ಣಗಳ ಹೆಸರು ಬರೆಯತೊಡಗಿದೆ. ನಾನು ಬರೆದು ಮುಗಿಸುವ ಮೊದಲೇ ಮಕ್ಕಳು ಒಕ್ಕೊರಲಿನಿಂದ ಓದಿಬಿಟ್ಟರು. ನನಗೆ ಎಲ್ಲಿಲ್ಲದ ಹಿಗ್ಗು. ಮಧ್ಯಾಹ್ನ ಒಬ್ಬಳು ಹುಡುಗಿಯ ನೋಟ್‌ಬುಕ್ ತಿರುವಿ ನೋಡಿದಾಗ ವಿಷಯ ತಿಳಿಯಿತು. ಅದೇ ಬಣ್ಣಗಳ ಪಟ್ಟಿ ಅದರಲ್ಲಿ ಐದು ಕಡೆ ಇತ್ತು. ಐದರ ಕೆಳಗೂ ಬೇರೆ ಬೇರೆ ಕೈಬರಹದಲ್ಲಿ ‘ಬಹಳ ಚೆನ್ನಾಗಿದೆ’ ಎಂಬ ಮೆಚ್ಚುಗೆ. ನನಗಿಂತ ಮೊದಲು ಬಂದ ಐವರೂ ಮೊದಲಿನಿಂದಲೇ ಶುರು ಮಾಡಿದ್ದರು. ಮಕ್ಕಳ ಭಾಷೆ ಬಲ್ಲ, ವರ್ಷವಿಡೀ ಅವರ ಜೊತೆಗಿರುವ ಶಿಕ್ಷಕಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದರು. ನಾನು ಕಟ್ಟಿದ ಹಣದಲ್ಲಿ ಶಾಲೆಗೆ ಎಷ್ಟು ತಲುಪಿತು ಎಂದು ಕಳಿಸಿದ ಸಂಸ್ಥೆಯನ್ನು ಎರಡು ಬಾರಿ ಕೇಳಿದೆ. ಉತ್ತರ ಬರಲಿಲ್ಲ.

ಹಾಗೆಂದು ಹಣ ಕೇಳುವುದೇ ತಪ್ಪು ಎನ್ನುವವಳಲ್ಲ ನಾನು. ನಮ್ಮ ಊಟ, ವಸತಿ, ವಿಮೆ, ನಮಗೆ ದಾರಿ ತೋರಿಸುವ ಸ್ಥಳೀಯರ ಸಂಬಳ, ಇವನ್ನು ಯಾರಾದರೂ ಭರಿಸಲೇಬೇಕು. ನೆರವು ಬೇಕಾದ ಊರಿನ ಮೇಲೆಯೇ ಆ ಭಾರ ಹೊರಿಸುವುದು ಅನ್ಯಾಯ. 1971ರಲ್ಲಿ ಆರಂಭವಾದ ಅರ್ತ್‌ವಾಚ್ ಸಂಸ್ಥೆ ವಿಜ್ಞಾನಿಗಳ ಕ್ಷೇತ್ರಕಾರ್ಯಕ್ಕೆ ಜನಸಾಮಾನ್ಯರನ್ನು ಕರೆದೊಯ್ಯುತ್ತದೆ. ಅವರು ಕೊಡುವ ಹಣ ಸಂಶೋಧನೆಯ ವೆಚ್ಚಕ್ಕೆ ನೆರವಾಗುತ್ತದೆ. ಅಲ್ಲಿ ಹತ್ತು ದಿನ ಇದ್ದು ಬಂದರೂ ನಿಮ್ಮ ಕೆಲಸ ವ್ಯರ್ಥವಲ್ಲ. ಎಣಿಸುವ, ಅಳೆಯುವ ಕ್ರಮವನ್ನು ವಿಜ್ಞಾನಿಗಳು ಗೊತ್ತುಮಾಡಿರುತ್ತಾರೆ. ಹಿಂದಿನವರು ಬಿಟ್ಟಲ್ಲಿಂದ ನೀವು ಮುಂದುವರಿಸುತ್ತೀರಿ.

ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್ 1961ರಿಂದಲೂ ಸ್ವಯಂಸೇವಕರಿಂದ ಶುಲ್ಕ ಪಡೆಯುವುದಿಲ್ಲ, ಜೀವನವೆಚ್ಚವನ್ನೂ ತಾನೇ ಕೊಡುತ್ತದೆ. ಆದರೆ ಅದರ ಮುಖ್ಯ ಯೋಜನೆಗೆ ಸೇರಿದವರು ಭಾಷೆ ಕಲಿಯಲು ಸುಮಾರು ಮೂರು ತಿಂಗಳು, ಆಮೇಲೆ ಎರಡು ವರ್ಷ ಕೊಡಬೇಕು. ಅಷ್ಟು ಸಮಯವೂ ಇಲ್ಲ, ಕಸುಬೂ ಇಲ್ಲ ಎನ್ನುವವರಿಗೆ ಉಳಿಯುವುದು ಹಣದ ದಾರಿ. ನಾನು ಹಿಡಿದದ್ದೂ ಅದನ್ನೇ. ಆ ದಾರಿಯಲ್ಲಿ ಒಂದು ಅಪಾಯವಿದೆ: ಕೆಲಸಕ್ಕಾಗಿ ಜನರನ್ನು ಹುಡುಕುವ ಬದಲು, ಹಣ ಕಟ್ಟಿದ ಜನರಿಗಾಗಿ ಕೆಲಸವನ್ನು ಹುಡುಕಲಾಗುತ್ತದೆ.

ಇದರ ಅತ್ಯಂತ ಕ್ರೂರ ರೂಪ ಅನಾಥಾಲಯಗಳಲ್ಲಿ ಕಾಣುತ್ತದೆ. ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ಶೇಕಡಾ 75ರಷ್ಟು ಹೆಚ್ಚಿತೆಂದು ಯುನಿಸೆಫ್ ಹೇಳಿತ್ತು. ಅಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಓದು ಸಿಗುತ್ತದೆ, ಹೊಟ್ಟೆ ತುಂಬುತ್ತದೆ ಎಂದು ನಂಬಿ ಬಡವರು ಮಕ್ಕಳನ್ನು ಕಳಿಸುತ್ತಾರೆ. ಮಕ್ಕಳನ್ನು ಮುದ್ದಿಸಲು ಬರುವ ವಿದೇಶಿಯರ ಹಣದಿಂದ ಸಂಸ್ಥೆ ನಡೆಯುತ್ತದೆ. ಮಕ್ಕಳನ್ನು ಹೀಗೆ ಸಂಸ್ಥೆಗಳಿಗೆ ಸೇರಿಸಿ ಲಾಭ ಮಾಡುವುದನ್ನು ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಸಾಲಿನಲ್ಲಿ ಪರಿಗಣಿಸಿತು. ಎರಡು ವಾರ ಎತ್ತಿ ಆಡಿಸಿದವರು ಹೊರಟುಹೋಗುತ್ತಾರೆ, ಮಗು ಮತ್ತೊಬ್ಬರ ಕುತ್ತಿಗೆಗೆ ಜೋತುಬೀಳುತ್ತದೆ. ದಯವಿಟ್ಟು ಅನಾಥಾಲಯಗಳಿಗೆ ಮಾತ್ರ ಹೋಗಬೇಡಿ, ಎಷ್ಟೇ ಒಳ್ಳೆಯ ಮನಸ್ಸಿನಿಂದಾದರೂ ಸರಿ.

ಉಳಿದ ಕೆಲಸಗಳಿಗೆ ಹೊರಡುವವರು ಹಣದ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ಪ್ರವಾಸಿ ವೀಸಾದ ಮೇಲೆ ಸ್ವಯಂಸೇವೆ ಮಾಡಲು ಎಷ್ಟೋ ದೇಶಗಳಲ್ಲಿ ಅನುಮತಿ ಇಲ್ಲ, ಅದನ್ನೂ ವಿಚಾರಿಸಿ. ಮಕ್ಕಳ ನಡುವೆ ಕೆಲಸವಿದ್ದೂ ಪೊಲೀಸ್ ದೃಢೀಕರಣ ಪತ್ರ ಕೇಳದ ಸಂಸ್ಥೆಯಾದರೆ ಅಲ್ಲಿಗೇ ಬಿಟ್ಟುಬಿಡಿ. ನಿಮ್ಮ ಊರಿನಲ್ಲಿ ನಿಮಗೆ ಯಾರೂ ಕೊಡದ ಕೆಲಸವನ್ನು, ಅಂದರೆ ಗಾಯಕ್ಕೆ ಹೊಲಿಗೆ ಹಾಕುವುದನ್ನೋ ಗೋಡೆ ಕಟ್ಟುವುದನ್ನೋ, ಅಲ್ಲಿ ಕೊಟ್ಟರೆ ಒಪ್ಪಬೇಡಿ.

ನಾನು ಹೊರಡುವ ದಿನ ಆ ಶಿಕ್ಷಕಿ ಬಳಿಗೆ ಬಂದು, “ಮಕ್ಕಳು ಎಲ್ಲಿಯವರೆಗೆ ಕಲಿತಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟು ಹೋಗುತ್ತೀರಾ?” ಎಂದು ಕೇಳಿದರು. ಇಬ್ಬರೂ ಕುಳಿತು ಬರೆದೆವು. ಅರ್ಧಕ್ಕಿಂತ ಹೆಚ್ಚು ಹೇಳಿದವರು ಅವರೇ. ನಿಮ್ಮನ್ನು ಕಳಿಸುವ ಸಂಸ್ಥೆಯ ಬಳಿ ಅಂಥದ್ದೊಂದು ಹಾಳೆ ಇದೆಯೇ? ಹಣ ಕಟ್ಟುವ ಮೊದಲು ಕೇಳಿ ನೋಡಿ.