ಮೀಟರಿನಲ್ಲಿ ಹನ್ನೆರಡು

ರಾಯಚೂರಿನವರ ಸಂಕಟವೇ ಬೇರೆ. ಊರಿಗೆ ಹತ್ತಿರದಲ್ಲೇ, ಕೃಷ್ಣೆಯ ದಂಡೆ ಮೇಲೆ ಶಕ್ತಿನಗರ. ಅಲ್ಲಿಯ ಥರ್ಮಲ್ ಸ್ಥಾವರದ ತಾಕತ್ತು 1,720 ಮೆಗಾವಾಟ್. ಆದರೂ ಮೇ ತಿಂಗಳ ಮಧ್ಯಾಹ್ನ ಫ್ಯಾನು ನಿಂತರೆ ನಾವು ಕೈ ಮುಗಿಯುವುದು ಮೆಟ್ಟಿಲ ಕೆಳಗಿನ ಇನ್ವರ್ಟರ್ ಬ್ಯಾಟರಿಗೆ.

ಹೋದ ಬೇಸಿಗೆಯಲ್ಲಿ ಅದೂ ಕೈಕೊಟ್ಟಿತು. ಕರೆಂಟ್ ಹೋಗಿ ಒಂದು ತಾಸಿಗೆ ಫ್ಯಾನ್ ಬಂದ್. ನಾನು ಬಜಾರಿಗೆ ಹೋಗಿ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ತಂದೆ. ಮುಟ್ಟಿಸಿ ನೋಡಿದರೆ 12.1 ವೋಲ್ಟ್. ಬ್ಯಾಟರಿ ಮೇಲೆ ಬರೆದದ್ದು 12. ಬರೆದದ್ದಕ್ಕಿಂತ ಜಾಸ್ತಿಯೇ ಇದೆಯಲ್ಲ ಎಂದು ಹೆಂಡತಿಗೆ ಹೆಮ್ಮೆಯಿಂದ ತೋರಿಸಿದೆ.

"ಹಂಗಿದ್ರ ಫ್ಯಾನ್ ಯಾಕ ತಿರುಗವಲ್ದು?" ಅಂದಳು. ಇದಕ್ಕೆ ಮೀಟರಿನಲ್ಲಿ ಉತ್ತರ ಇರಲಿಲ್ಲ.

ಬ್ಯಾಟರಿ ಅಂಗಡಿಯವನು ಬಂದು ನಕ್ಕ. "ಸರ್ರ, 12 ಅನ್ನೋದು ಅದರ ಹೆಸರು ಅಷ್ಟ. ಹೊಟ್ಟಿ ತುಂಬಿದ್ರ 12.6, 12.7 ತೋರಸ್ತದ. ಇದು ಉಪಾಸ ಅದ."

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಹಾಗೆ. ಒಳಗೆ ಆರು ಸೆಲ್ಲುಗಳು, ಒಂದೊಂದೂ 2 ವೋಲ್ಟಿಗಿಂತ ತುಸು ಮೇಲೆ. 12.2 ಅಂದರೆ ಅರ್ಧ ಖಾಲಿ, 12 ಅಂದರೆ ಉಳಿದದ್ದು ಕಾಲು ಪಾಲು. ತುಂಬಿದ ಹೊಟ್ಟೆಗೂ ಬರಿ ಹೊಟ್ಟೆಗೂ ನಡುವೆ ಒಂದು ವೋಲ್ಟೂ ಇಲ್ಲ! ಅದಕ್ಕೇ ಮೀಟರಿನಲ್ಲಿ ಚುಕ್ಕಿ ಆದ ಮೇಲೆ ಬರುವ ಅಂಕಿಗೇ ಬೆಲೆ. ನಾನು ಚುಕ್ಕಿಗಿಂತ ಮೊದಲಿನದನ್ನು ಓದಿ ಕುಣಿದಿದ್ದೆ.

ವೋಲ್ಟೇಜ್ ಅಂದರೆ ಮಾಳಿಗೆ ಮೇಲಿನ ಟ್ಯಾಂಕಿನಲ್ಲಿ ನೀರು ನಿಂತ ಎತ್ತರ. ಎಷ್ಟು ಕೊಡ ಹಿಡಿಯುತ್ತದೆ ಅನ್ನೋದು ಬೇರೆ ಲೆಕ್ಕ, ಅದೇ ಆಂಪಿಯರ್ ಅವರ್. ನಮ್ಮದು 150ರದು. 12ರಿಂದ ಗುಣಿಸಿದರೆ 1,800 ವಾಟ್ ಅವರ್. 60 ವಾಟಿನ ಫ್ಯಾನು ಕಾಗದದ ಮೇಲೆ 30 ತಾಸು ತಿರುಗುತ್ತದೆ. ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ, ಬ್ಯಾಟರಿಯನ್ನು ತಳ ಕಾಣುವವರೆಗೆ ಬಳಿಯಲೂಬಾರದು. ಹಾಗಾಗಿ ಮನೆಯಲ್ಲಿ ಅಷ್ಟೆಲ್ಲ ಸಿಗುವುದಿಲ್ಲ.

ಮೇಲಿನ ಟ್ಯಾಂಕಿಗೆ ನೀರು ಏರಿಸಲು ಪಂಪು ಅದಕ್ಕಿಂತ ಜೋರಾಗಿ ತಳ್ಳಬೇಕು, ಅಲ್ವಾ? ಚಾರ್ಜಿಂಗೂ ಅಷ್ಟೇ. 12.7ಕ್ಕೆ ತುಂಬಲು 14 ದಾಟಿ ತಳ್ಳುತ್ತಾರೆ. ಚಾರ್ಜ್ ಮುಗಿದ ಕೂಡಲೇ ಮೀಟರ್ ಹಚ್ಚಿದರೆ 13 ಚಿಲ್ಲರೆ ತೋರಿಸೀತು. ನಂಬಬಾರದು. ಮದುವೆ ಊಟ ಮಾಡಿ ಎದ್ದವನನ್ನು ಹಸಿವಿದೆಯಾ ಅಂತ ಕೇಳಿದಂತೆ. ಕೆಲವು ತಾಸು ಸುಮ್ನೆ ಬಿಟ್ಟು ಕೇಳಬೇಕು.

ಫೋನಿನ ಲಿಥಿಯಂ ಬ್ಯಾಟರಿಯ ಲೆಕ್ಕ ಇನ್ನೂ ನಾಜೂಕು. ಹಳೆಯ ಫೋನುಗಳಲ್ಲಿ ಹೆಸರಿಗೆ 3.7 ವೋಲ್ಟ್, ತುಂಬಿದರೆ 4.2; ಈಗಿನವುಗಳಲ್ಲಿ ಇನ್ನೂ ತುಸು ಹೆಚ್ಚು. ಆ ಮಿತಿ ಮೀರಬಾರದು. ಚಾರ್ಜ್ 80 ಪರ್ಸೆಂಟಿನವರೆಗೆ ಓಡಿ, ಆಮೇಲೆ ಯಾಕೆ ತೆವಳುತ್ತದೆ ಅಂತ ನನಗೆ ಸಿಟ್ಟು ಬರುತ್ತಿತ್ತು. ನಮ್ಮ ಎಪಿಎಂಸಿಯಲ್ಲಿ ಭತ್ತ ತುಂಬುವುದನ್ನು ನೋಡಿದ ಮೇಲೆ ಬರುವುದಿಲ್ಲ. ಮೊದಲು ಪುಟ್ಟಿಗಟ್ಟಲೆ ಸುರಿಯುತ್ತಾರೆ. ಚೀಲದ ಬಾಯಿ ಹತ್ತಿರ ಬಂದಾಗ ಬೊಗಸೆ, ಆಮೇಲೆ ಹಿಡಿ. ಚಾರ್ಜರ್ ಕೂಡ ಆ ಮಿತಿ ಮುಟ್ಟುವ ತನಕ ಒಂದೇ ಸಮ ಕರೆಂಟ್ ಸುರಿದು, ಆಮೇಲೆ ವೋಲ್ಟೇಜ್ ಹಿಡಿದು ನಿಲ್ಲುತ್ತದೆ. ಕರೆಂಟ್ ತಾನೇ ಇಳಿಯುತ್ತಾ ಬರುತ್ತದೆ.

ನಮ್ಮ ಬ್ಯಾಟರಿಯ ರೋಗ ಮುಚ್ಚಳ ತೆಗೆದಾಗ ಗೊತ್ತಾಯಿತು. ಒಳಗಿನ ಸೀಸದ ಪ್ಲೇಟುಗಳು ನೀರಿನ ಮೇಲೆ ಬಂದಿದ್ದವು. ಚಾರ್ಜಿಂಗ್ ಕೊನೆಯಲ್ಲಿ ಕರೆಂಟು ಒಳಗಿನ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುತ್ತದೆ. ಅದಕ್ಕೇ ಅದರ ಪಕ್ಕ ಬೀಡಿ ಸೇದಬಾರದು, ಕಿಟಕಿ ತೆಗೆದಿರಬೇಕು. ಉಳಿದದ್ದನ್ನು ನಮ್ಮೂರ ಬಿಸಿಲು ಕುಡಿದಿತ್ತು. ಡಿಸ್ಟಿಲ್ಡ್ ವಾಟರ್ ಹಾಕುವುದು ನನ್ನ ಕೆಲಸ. ನಾನು ಮರೆತಿದ್ದೆ. ಇನ್ನೂ ಸ್ವಲ್ಪ ದಿನ ಉಪವಾಸ ಬಿಟ್ಟಿದ್ದರೆ, ಬ್ಯಾಟರಿ ಖಾಲಿಯಾಗುವಾಗ ಪ್ಲೇಟಿಗೆ ಅಂಟುವ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತು, ಮತ್ತೆ ಏಳುತ್ತಿರಲಿಲ್ಲವಂತೆ.

ಈಗ ಕರೆಂಟ್ ಹೋದರೆ ಮೀಟರ್ ಹಿಡಿದು ಮೆಟ್ಟಿಲ ಕೆಳಗೆ ಕೂರುತ್ತೇನೆ. ಫ್ಯಾನ್ ತಿರುಗುವಾಗ 12.4. ಆರಿಸಿದರೆ ನಿಧಾನಕ್ಕೆ 12.5. ಮೂಟೆ ಇಳಿಸಿದ ಹಮಾಲನ ಬೆನ್ನು ನೆಟ್ಟಗಾದಂತೆ. ಮೂರನೇ ಸಲ ಆರಿಸಿದಾಗ ಒಳಗಿಂದ ಕೂಗು ಬಂತು: "ಏನ್ರೀ, ವೋಲ್ಟ್ ಆಮ್ಯಾಲ ನೋಡಕೋರಿ, ಮೊದಲು ಫ್ಯಾನ್ ಹಚ್ಚರಿ!"