ದೊಡ್ಡಪ್ಪನ ಉಯಿಲು

ಈ ವರ್ಷ ನನಗಿದ್ದ ಸಿ.ಎಲ್.ಗಳಲ್ಲಿ ಮೂರು ದೊಡ್ಡಪ್ಪನ ಉಯಿಲಿಗೆ ಹೋದವು. ನಾಲ್ಕನೆಯದು ಈ ಗುರುವಾರ ಹೋಗಲಿದೆ. ಮಗಳ ಸ್ಕೂಲ್ ಡೇಗೆ ರಜೆ ಹಾಕಿಲ್ಲ, ಹಲ್ಲು ಕೀಳಿಸೋಕೆ ರಜೆ ಹಾಕಿಲ್ಲ. ಹೋಗಲಿ, ದೊಡ್ಡಪ್ಪನಿಗೆ ಏನಾದರೂ ಹುಷಾರಿಲ್ಲವಾ ಅಂದರೆ ಅದೂ ಇಲ್ಲ. ಎಂಬತ್ತೊಂದು ವರ್ಷ. ಮೊನ್ನೆ ಕೂಡ ಆರು ಕಡುಬು ತಿಂದು, ಏಳನೆಯದು ಯಾಕೆ ತಣ್ಣಗಿದೆ ಅಂತ ಕೇಳಿದರು.

ಮೊದಲನೇ ರಜೆ ಹಾಳಾಗಿದ್ದು ಒಂದು ‘ಹ’ಕಾರದಿಂದ. ನಮ್ಮ ಕಡೆ ಹಳಬರಿಗೆ ‘ಹ’ ಅಂದರೆ ದುಂದುವೆಚ್ಚ. ಹಾಸನ ಆಸ್ನ, ಹಾಲು ಆಲು, ಹಲಸು ಅಲಸು. ಕೇಳುವ ನಾವೇ ಅಲ್ಲಲ್ಲಿ ‘ಹ’ ಸೇರಿಸಿಕೊಂಡು ಅರ್ಥ ಮಾಡಿಕೊಳ್ಳಬೇಕು. ಅವತ್ತು ಬೆಳಿಗ್ಗೆ ದೊಡ್ಡಮ್ಮ ಫೋನ್ ಮಾಡಿ, "ಬೇಗ್ನೆ ಬಾರವ್ವ, ಇಲ್ಲಿ ಉಯ್ಲು ನಡೀತಾ ಐತೆ. ನಿಮ್ ದೊಡ್ಡಪ್ಪ ನಿನ್ನೇ ಕೇಳ್ತಾವ್ರೆ" ಅಂದರು. ನಾನು ಅಭ್ಯಾಸಬಲದಿಂದ ‘ಹ’ ಸೇರಿಸಿದೆ. ಹುಯಿಲು!

ಆಲೂರಿನ ಆಚೆ ಕಾಫಿ ತೋಟದ ಊರಲ್ಲಿ ಹುಯಿಲು ಎದ್ದಿದೆ ಅಂದರೆ ಒಂದೇ ಅರ್ಥ. ಆನೆ. ಅದರ ಮೇಲೆ ‘ನಿನ್ನೇ ಕೇಳ್ತಾವ್ರೆ’ ಬೇರೆ. ನನ್ನ ಕೈಕಾಲು ತಣ್ಣಗಾದವು. ಸಾಹೇಬರಿಗೆ "ಊರಿಗೆ ಆನೆ ಬಂದಿದೆ ಸರ್" ಅಂತ ಹೇಳಿ, ಅವರು ಹೂಂ ಅನ್ನುವ ಮೊದಲೇ ಸ್ಕೂಟರ್ ಹತ್ತಿದೆ. ಹೋಗಿ ನೋಡಿದರೆ ದೊಡ್ಡಪ್ಪ ಜಗಲಿ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದಾರೆ. ಎದುರಿಗೆ ಪತ್ರ ಬರೆಯುವವರು. ನಡುವೆ ಎಲೆ ಅಡಿಕೆ ತಟ್ಟೆ.

"ಆನೆ ಎಲ್ಲಿ ದೊಡ್ಡಪ್ಪ?"

"ಯಾವ ಆನೆ?"

ಮರುದಿನ ಸಾಹೇಬರು "ಆನೆ ಹೋಯ್ತೇನಮ್ಮ?" ಅಂತ ಕೇಳಿದರು. "ಇಲ್ಲ ಸರ್, ಇನ್ನೂ ಬರೆಸ್ತಾ ಇದ್ದಾರೆ" ಅಂದುಬಿಟ್ಟೆ. ಅವರು ಆಮೇಲೆ ಏನೂ ಕೇಳಲಿಲ್ಲ.

ದೊಡ್ಡಪ್ಪ ಕನ್ನಡ ಮೇಷ್ಟ್ರಾಗಿ ರಿಟೈರಾದವರು. ನನ್ನ ಗಾಬರಿಗೆ ಸಮಾಧಾನ ಹೇಳುವ ಬದಲು ಪಾಠ ಮಾಡಿದರು. "ಉಯಿಲಿಗೆ ‘ಹ’ ಇಲ್ಲ. ಇಂಗ್ಲಿಷಿನ ವಿಲ್ ನಮ್ಮ ಬಾಯಿಗೆ ಬಿದ್ದು ಉಯಿಲಾಯ್ತು. ತಮಿಳರೂ ಉಯಿಲ್ ಅಂತಾರೆ. ಹುಯಿಲು ಅಂದರೆ ಕೂಗಾಟ, ಬೊಬ್ಬೆ. ಎರಡಕ್ಕೂ ಏನೇನೂ ಸಂಬಂಧ ಇಲ್ಲ." ನಾಲ್ಕು ಮನೆಯ ಉಯಿಲು ನೋಡಿದ ಯಾರೂ ಈ ಕೊನೆಯ ಮಾತನ್ನು ಒಪ್ಪುವುದಿಲ್ಲ.

ಬರೆಯಬೇಕಾದ್ದು ಮಹಾ ಏನಲ್ಲ. ಸಂಬಳ ಕೂಡಿಟ್ಟು ಕೊಂಡ ಒಂದೂವರೆ ಎಕರೆ ತೋಟ, ಮನೆ, ಹಿತ್ತಲು. ಸ್ವಂತ ದುಡಿಮೆಯದು, ಯಾರಿಗೆ ಬೇಕಾದರೂ ಬರೆಯಬಹುದು. ಇಬ್ಬರು ಗಂಡುಮಕ್ಕಳು, ಒಬ್ಬ ಬೆಂಗಳೂರು, ಒಬ್ಬ ಊರಲ್ಲೇ. ಅರ್ಧ ಗಂಟೆಯ ಕೆಲಸ. ಆದರೆ ಕನ್ನಡ ಮೇಷ್ಟ್ರು ಬರೆಸಿದರೆ ಹಾಗಾಗುತ್ತದಾ?

ಮೊದಲ ಜಗಳ ತಲೆಬರಹಕ್ಕೆ. ದೊಡ್ಡಪ್ಪನಿಗೆ ‘ಮರಣ ಶಾಸನ’ವೇ ಬೇಕು. ದೊಡ್ಡಮ್ಮ, "ಶುಕ್ರವಾರದ ದಿನ ಮನೇಲಿ ಆ ಮಾತು ಬ್ಯಾಡ" ಅಂದರು. "ಅದು ಬರೀ ಮರಣ ಅಲ್ಲವೇ, ಶಾಸನ! ನಮ್ಮ ಜಿಲ್ಲೆಯವರು ಸುಮಾರು 450ನೇ ಇಸವಿಯಲ್ಲೇ ಕಲ್ಲಿನ ಮೇಲೆ ಕನ್ನಡ ಬರೆದವರು" ಅಂತ ದೊಡ್ಡಪ್ಪ ಬೇಲೂರು ತಾಲೂಕಿನ ಹಲ್ಮಿಡಿಗೆ ಹೋದರು. ಅದೂ ಆಸ್ತಿ ಕೊಟ್ಟ ಪತ್ರವೇ ಅಂತೆ, ಕಾದಾಡಿ ಗೆದ್ದವನಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟದ್ದು. ಕೊನೆಗೆ, ಇದನ್ನು ಕದ್ದವನು ಮಹಾಪಾತಕಿ ಅಂತ ಶಾಪವನ್ನೂ ಕೆತ್ತಿದ್ದಾರೆ. "ನಮ್ಮದರಲ್ಲೂ ಆ ಸಾಲು ಇರಲಿ" ಅಂದರು. ಪತ್ರ ಬರೆಯುವವರು ಕೆಮ್ಮಿದರು. ಕೊನೆಗೆ ತಲೆಬರಹ ‘ಉಯಿಲು’ ಅಂತಾಯ್ತು. ಶಾಪ ಬಾಯಿಮಾತಲ್ಲೇ ಉಳಿಯಿತು.

ಎರಡನೇ ಜಗಳ ಮಧ್ಯಾಹ್ನದವರೆಗೆ ನಡೆಯಿತು. ಪತ್ರ ಬರೆಯುವವರು ‘ನನ್ನ ಮರಣಾನಂತರ’ ಅಂತ ಬರೆದಿದ್ದರು. ದೊಡ್ಡಮ್ಮ ಅದನ್ನು ಹೊಡೆದುಹಾಕಿಸಿದರು. ದೊಡ್ಡಪ್ಪ, "ಸರಿ, ನಾನು ಹೋದ ಮೇಲೆ ಅಂತ ಬರೀರಿ" ಅಂದರು.

"ಎಲ್ಲಿಗೆ?" ಅಂದರು ದೊಡ್ಡಮ್ಮ.

"ಎಲ್ಲಿಗೆ ಅಂದ್ರೆ?"

"ವಾರವಾರ ಸಂತೆಗೆ ಹೋಗ್ತೀರಿ. ನೀವು ಹೋದ್ಮೇಲೆ ಮನೆ ಚಿಕ್ಕೋನ್ದು ಅಂತ ಬರದ್ರೆ, ಸೊಪ್ಪು ತಗಂಡು ವಾಪಸ್ ಬರೋ ಹೊತ್ಗೆ ಮನೆ ಅವನ್ದಾಗಿರ್ತದೆ."

ದೊಡ್ಡಪ್ಪನ ಮುಖದಲ್ಲಿ ನಿಜವಾಗಿ ಯೋಚನೆ ಕಾಣಿಸಿತು. "ತೀರಿಕೊಂಡ ಮೇಲೆ?" "ಸಾಲ ತೀರಿದ್ಮೇಲೋ, ನೀವು ತೀರಿದ್ಮೇಲೋ?" "ಕಣ್ಣು ಮುಚ್ಚಿದ ಮೇಲೆ?" "ಉಂಡ್ಮೇಲೆ ದಿನಾ ಮುಚ್ತೀರಲ್ಲ, ನಾಕ್ ಗಂಟೆಗೆ ಕಾಫಿ ಕೊಟ್ಟು ಎಬ್ಬಿಸ್ಬೇಕು." ಶಿವನ ಪಾದ ಸೇರಿದ ಮೇಲೆ ಅಂದರೆ ಧರ್ಮಸ್ಥಳ ಯಾತ್ರೆಯ ತಕರಾರು ಬಂತು. ನನ್ನ ಜೊತೆ ಸಾಕ್ಷಿ ಹಾಕಬೇಕಿದ್ದ ಪಕ್ಕದ ಮನೆಯ ಕಾಫಿ ಬೀಜದ ವ್ಯಾಪಾರಿ ನಡುವೆ ಮನೆಗೆ ಹೋಗಿ ಊಟ ಮುಗಿಸಿಕೊಂಡು ಬಂದರು. ಪತ್ರ ಬರೆಯುವವರು ಕೊನೆಗೆ, "ನನ್ನ ಕಾಲಾನಂತರ ಅಂತ ಹಾಕ್ತೀನಮ್ಮ" ಅಂದರು. ದೊಡ್ಡಮ್ಮನಿಗೆ ಅದು ಅರ್ಥವಾಗಲಿಲ್ಲ. ಹಾಗಾಗಿ ಒಪ್ಪಿದರು.

ಇಷ್ಟೊಂದು ಬಗೆಯಲ್ಲಿ ಸಾಯುವ ನಮಗೆ, ಸತ್ತ ಮೇಲೆ ಕೊಡುವುದಕ್ಕೆ ಅಂತ ಒಂದು ನೆಟ್ಟಗಿನ ಕ್ರಿಯಾಪದ ಇಲ್ಲ ನೋಡಿ. ಬರೆದಿಟ್ಟರು ಅಂತೀವಿ. ಅವಳ ಹೆಸರಿಗೆ ಮಾಡಿದರು ಅಂತೀವಿ. ‘ಕೊಟ್ಟಿರುತ್ತೇನೆ’ ಅಂತ ದೊಡ್ಡಪ್ಪ ಹೇಳಿದ್ದಕ್ಕೆ, ಪತ್ರ ಬರೆಯುವವರು "ಬೇಡ ಸಾರ್, ದಾನಪತ್ರದ ಥರ ಆಗ್ತದೆ, ಇವತ್ತೇ ಕೊಟ್ಟ ಹಾಗೆ" ಅಂತ ತಡೆದು ‘ಸೇರತಕ್ಕದ್ದು’ ಅಂತ ಬರೆದರು. ಬೆಂಗಳೂರಿನ ಅಣ್ಣ ವಾಟ್ಸಾಪಿನಲ್ಲಿ ಒಂದು ಇಂಗ್ಲಿಷ್ ನಮೂನೆ ಕಳಿಸಿದ್ದ. ಅದರಲ್ಲಿ ‘ಐ ಗಿವ್, ಡಿವೈಸ್ ಅಂಡ್ ಬಿಕ್ವೀತ್’ ಅಂತಿತ್ತು. ಒಂದು ತೋಟ ಕೊಡೋಕೆ ಮೂರು ಕ್ರಿಯಾಪದ! ದೊಡ್ಡಪ್ಪ ಅಟ್ಟದಿಂದ ನಿಘಂಟು ಇಳಿಸಿದರು. ಅಲ್ಲಿಗೆ ಮಧ್ಯಾಹ್ನವೂ ಹೋಯ್ತು.

ಇಂಗ್ಲಿಷಿನ ಹಳೇ ಕಾನೂನು ಭಾಷೆಯಲ್ಲಿ ಮನೆ, ಜಮೀನು ಬಿಟ್ಟು ಹೋಗುವುದಕ್ಕೆ ಡಿವೈಸ್ ಅಂತೆ. ಚಿನ್ನ, ಪಾತ್ರೆ, ದನಕರುವಿಗೆ ಬಿಕ್ವೀತ್ ಅಂತೆ. ಬಿಕ್ವೀತ್‌ನ ಮೂಲದಲ್ಲಿ ‘ಹೇಳು’ ಅನ್ನುವ ಅರ್ಥ ಇದೆ, ಅಂದರೆ ಬಾಯಿಬಿಟ್ಟು ಹೇಳಿ ಕೊಡೋದು. ಇದನ್ನು ಕೇಳಿ ದೊಡ್ಡಮ್ಮ ಮೊದಲ ಸಲ ಇಂಗ್ಲಿಷನ್ನು ಮೆಚ್ಚಿಕೊಂಡರು. ಅವರು ತಮ್ಮ ಕಾಸಿನ ಸರವನ್ನು ಇಬ್ಬರು ಸೊಸೆಯರಿಗೂ ನನಗೂ ಬೇರೆ ಬೇರೆ ಹಬ್ಬದಲ್ಲಿ, ಅಡುಗೆಮನೆಯ ಕತ್ತಲಲ್ಲಿ, "ಯಾರ್ಗೂ ಹೇಳ್ಬ್ಯಾಡ" ಅಂತ ಬಿಕ್ವೀತ್ ಮಾಡಿ ಬಹಳ ವರ್ಷವಾಗಿದೆ.

ಸಹಿ ಹಾಕಿಸುವಾಗ ಇನ್ನೊಂದು ನಾಟಕ. ಉಯಿಲಿಗೆ ಕಡಿಮೆ ಅಂದರೂ ಇಬ್ಬರು ಸಾಕ್ಷಿ ಬೇಕು, 1925ರ ಉತ್ತರಾಧಿಕಾರ ಕಾಯ್ದೆ. ಬರೆಸಿದವರ ಸಹಿಗೆ ಅವರು ಸಾಕ್ಷಿ, ಒಳಗೇನಿದೆ ಅಂತ ಓದಲೇಬೇಕೆಂದಿಲ್ಲ. ಇದನ್ನು ತಿಳಿದ ದೊಡ್ಡಪ್ಪ, ಇಡೀ ಬೀದಿಗೆ ಕೇಳುವ ಹಾಗೆ ಮೂರು ಸಲ ಗಟ್ಟಿಯಾಗಿ ಓದಿದ ಹಾಳೆಯ ಮೇಲೆ ಟವೆಲ್ ಮುಚ್ಚಿ, ಸಹಿ ಹಾಕುವಷ್ಟು ಜಾಗ ಮಾತ್ರ ತೋರಿಸಿ, "ಇಲ್ಲಿ. ಮೇಲೆ ನೋಡಬಾರದು" ಅಂದರು.

ಇದಿಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ. ಹೋಗುವಾಗ ಪತ್ರ ಬರೆಯುವವರು ಒಂದು ಮಾತು ಹೇಳಿ ಹೋದರು. ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯಲ್ಲಿ ಬರೆದದ್ದೇ ನಿಲ್ಲುತ್ತದೆ. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ರಿಜಿಸ್ಟರ್ ಮಾಡಿಸಿದರೆ ಒಳ್ಳೆಯದು, ಕಡ್ಡಾಯ ಅಲ್ಲ. ಖರ್ಚಿಲ್ಲದ ಅಧಿಕಾರ ಮೇಷ್ಟ್ರ ಕೈಗೆ ಸಿಕ್ಕಿಬಿಟ್ಟಿತು. ಎರಡನೇ ಉಯಿಲು ಬಂದದ್ದು ಯುಗಾದಿಗೆ ಬೆಂಗಳೂರಿನ ಅಣ್ಣ ಫೋನ್ ಮಾಡದೆ ಬರೀ ಬೇವುಬೆಲ್ಲದ ಚಿತ್ರ ಕಳಿಸಿದ್ದಕ್ಕೆ. ಹೋಗಿ ಸಹಿ ಹಾಕಿ ಬಂದೆ. ಅದೇ ಟವೆಲ್.

ಮೂರನೆಯದು ಹೋದ ತಿಂಗಳು. ಮಳೆಯಲ್ಲಿ ನೆನೆದುಕೊಂಡು ಹೋಗಿ ಪೆನ್ ತೆಗೆದರೆ ದೊಡ್ಡಪ್ಪ, "ಈ ಸಲ ನೀನು ಸಾಕ್ಷಿ ಬೇಡ" ಅಂದರು. ನನಗೆ ತಡೆಯಲಾಗದ ಸಿಟ್ಟು ಬಂತು. ರಜೆ ಹಾಕಿಸಿ, ಇಪ್ಪತ್ತು ಸಲ ಫೋನ್ ಮಾಡಿಸಿ, ಈಗ ಬೇಡವಾ? ಏನು ತಪ್ಪು ಮಾಡಿದೆ? ದೊಡ್ಡಪ್ಪ ಮಾತಾಡಲಿಲ್ಲ. ಪತ್ರ ಬರೆಯುವವರೇ ಮೆಲ್ಲಗೆ, "ಸ್ವತ್ತು ಯಾರಿಗೆ ಹೋಗ್ತದೋ ಅವರೇ ಸಾಕ್ಷಿ ಹಾಕಿದ್ರೆ ಆಮೇಲೆ ತಕರಾರು ಬರ್ತದೆ ಕಣಮ್ಮ" ಅಂದರು.

ಟವೆಲ್ ಸರಿಸಿದೆ. ಹಿತ್ತಲಿನ ಹಲಸಿನ ಮರ. ಪೂರ್ವಕ್ಕೆ ಕೊಟ್ಟಿಗೆ, ಪಶ್ಚಿಮಕ್ಕೆ ಬಾವಿ, ಉತ್ತರಕ್ಕೆ ಬೇಲಿ. ದಕ್ಷಿಣಕ್ಕೆ, ‘ನನ್ನ ತಮ್ಮನು ಕೂತು ಹಣ್ಣು ಬಿಡಿಸುತ್ತಿದ್ದ ಕಲ್ಲು’.

ಅಪ್ಪ ಹೋಗಿ ಹನ್ನೊಂದು ವರ್ಷವಾಯ್ತು. ಏನೂ ಬರೆದಿಡಲಿಲ್ಲ, ಬರೆಯುವಂಥದ್ದೂ ಏನಿರಲಿಲ್ಲ. ಬೇಸಿಗೆ ರಜೆಯಲ್ಲಿ ಆ ಕಲ್ಲಿನ ಮೇಲೆ ಕೂತು ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಮೊದಲ ತೊಳೆ ನನಗೆ, ಎರಡನೆಯದು ಕರುವಿಗೆ ಕೊಡುತ್ತಿದ್ದರು. ಅದು ದೊಡ್ಡಪ್ಪನಿಗೆ ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ. "ಜಾಗ ಒಬ್ಬರಿಗೆ, ಮರ ಒಬ್ಬರಿಗೆ, ಆಮೇಲೆ ಕಷ್ಟ ಸಾರ್" ಅಂತ ಪತ್ರ ಬರೆಯುವವರು ಗೊಣಗಿದರು. "ಮರಾನೂ ಒಳ್ಗೆ ಟೊಳ್ಳು" ಅಂದರು ದೊಡ್ಡಮ್ಮ. ದೊಡ್ಡಪ್ಪ ಅದೇ ಇರಲಿ ಅಂದರು. ನಾನು ಮಳೆ ಜಾಸ್ತಿಯಾಗುತ್ತೆ ಅಂತ ಬೇಗ ಹೊರಟೆ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್. "ಉಯ್ಲು ಕಣವ್ವ, ಉಯ್ಲು!"

ನನಗೂ ಒಂದು ಮಿತಿ ಇದೆ ಅಲ್ವಾ? "ದೊಡ್ಡಮ್ಮ, ಈ ಹೊತ್ತಲ್ಲಿ ಯಾರು ಬರೀತಾರೆ? ಬೆಳಿಗ್ಗೆ ನೋಡೋಣ" ಅಂತ ಹೇಳಿ ಫೋನ್ ಸೈಲೆಂಟ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಹದಿನಾಲ್ಕು ಮಿಸ್ಡ್ ಕಾಲ್. ಜೊತೆಗೆ ಊರಲ್ಲಿರುವ ತಮ್ಮ ಕಳಿಸಿದ ಫೋಟೋ. ಬೇಲಿ ಇಲ್ಲ. ಕೊಟ್ಟಿಗೆಯ ಒಂದು ಮೂಲೆ ಇಲ್ಲ. ಮರ ಬುಡಸಮೇತ ಬಾವಿಯ ಕಡೆಗೆ ಒರಗಿದೆ. ಒಂಟಿ ಸಲಗವಂತೆ. ಹಣ್ಣಾದದ್ದು, ಆಗದ್ದು ಎಲ್ಲ ತಿಂದು, ಸಿಪ್ಪೆ ಚೆಲ್ಲಾಡಿ, ಬೆಳಗಿನ ಜಾವ ತೋಟ ದಾಟಿ ಹೋಗಿದೆ. ಕಲ್ಲು ಮಾತ್ರ ಇದ್ದಲ್ಲೇ ಇದೆ.

ಓಡಿ ಫೋನ್ ಮಾಡಿದೆ. ದೊಡ್ಡಪ್ಪನೇ ಎತ್ತಿದರು.

"ನಿಮಗೇನೂ ಆಗಿಲ್ಲ ತಾನೇ ದೊಡ್ಡಪ್ಪ?"

"ನನಗೇನಾಗುತ್ತೆ. ನೋಡು, ಈಗ ಮರ ಹೋಯ್ತು. ಉಯಿಲಲ್ಲಿ ನಿನಗೆ ಏನೂ ಉಳಿದಿಲ್ಲ."

"ಹೋಗಲಿ ಬಿಡಿ ದೊಡ್ಡಪ್ಪ."

"ಬಿಡಿ ಅಂದ್ರೇನು? ಇನ್ನು ನೀನು ಸಾಕ್ಷಿ ಹಾಕಬಹುದು. ಗುರುವಾರ ಬಂದುಬಿಡು. ಆಧಾರ್ ಜೆರಾಕ್ಸ್ ಎರಡು ತಾ."