ಸತ್ಯಾಂಶ: ಇಂಗ್ಲಿಷಿಗೆ ತೀರ್ಪು ಕೊಡುವ ಸಮಿತಿ ಲಂಡನ್ನಿನಲ್ಲಿ ಇದೆಯೇ?

ರಾಯಚೂರಿನ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಪ್ರಿಪೋನ್’ (ಗೊತ್ತಾದ ಸಮಯಕ್ಕಿಂತ ಮುಂಚೆಗೆ ತರುವುದು) ತಪ್ಪು ಪದ, ಲಂಡನ್ನಿನ ಸಮಿತಿ ಅದನ್ನು ನಿಷೇಧಿಸಿದೆ, ಮಕ್ಕಳು ಬರೆದರೆ ಅಂಕ ಹೋಗುತ್ತದೆ ಅಂತ.

ಅಂಥ ಸಮಿತಿಯೇ ಇಲ್ಲ. ಫ್ರೆಂಚ್ ಭಾಷೆಗೆ ಸರಿ-ತಪ್ಪು ಹೇಳಲು 1635ರಲ್ಲಿ ಒಂದು ಅಕಾಡೆಮಿ ಆಯಿತು. ಇಂಗ್ಲಿಷಿಗೂ ಒಂದು ಬೇಕು ಅಂತ 1712ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಕೇಳಿದ್ದರು, ಆಗಲಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ ಕತೆ ಇನ್ನೂ ಸ್ವಾರಸ್ಯದ್ದು. ಭಾಷೆಯನ್ನು ಬದಲಾಗದಂತೆ ಕಟ್ಟಿ ನಿಲ್ಲಿಸಬಹುದು ಅಂತಲೇ ಅವರು ಇಂಗ್ಲಿಷ್ ನಿಘಂಟಿಗೆ ಕೈಹಾಕಿದರು. ವರ್ಷಗಟ್ಟಲೆ ದುಡಿದ ಮೇಲೆ, ಅದು ಆಗದ ಮಾತು ಅಂತ 1755ರ ಮುನ್ನುಡಿಯಲ್ಲಿ ಅವರೇ ಬರೆದರು. ಎಷ್ಟು ದೊಡ್ಡ ಮನಸ್ಸು ಅಲ್ವಾ!

ಹಾಗಾದರೆ ಆಕ್ಸ್‌ಫರ್ಡ್ ನಿಘಂಟು? ಅದು ಜನ ಹೇಗೆ ಬಳಸುತ್ತಾರೆ ಅಂತ ನೋಡಿ ದಾಖಲಿಸುತ್ತದೆ, ಅಷ್ಟೇ. ‘ಪ್ರಿಪೋನ್’ ಕೂಡ ಅದರಲ್ಲಿದೆ, ಹೆಚ್ಚಾಗಿ ಭಾರತದ ಬಳಕೆ ಎಂಬ ಗುರುತಿನೊಂದಿಗೆ. ಪತ್ರಿಕೆ, ಪ್ರಕಾಶಕರು, ಪರೀಕ್ಷಾ ಮಂಡಳಿಗಳು ತಮ್ಮ ತಮ್ಮ ನಿಯಮ ಮಾಡಿಕೊಳ್ಳುತ್ತವೆ. ಆ ನಿಯಮ ಅವರ ಅಂಗಳಕ್ಕೆ ಮಾತ್ರ.

ಹಾಗಂತ ಏನು ಬರೆದರೂ ನಡೆಯುತ್ತದೆ ಅಂತಲ್ಲ. ಓದುವವರಿಗೆ ಅರ್ಥವಾಗಬೇಕು. ಪರೀಕ್ಷೆಯಲ್ಲಿ ಪಠ್ಯಪುಸ್ತಕದ ಕಾಗುಣಿತವನ್ನೇ ಹಿಡಿಯುವುದು ಒಳ್ಳೆಯದು. ಆದರೆ ಮಗು ಪತ್ರಲೇಖನದಲ್ಲಿ ‘ಮೀಟಿಂಗ್ ಪ್ರಿಪೋನ್ ಆಗಿದೆ’ ಎಂದು ಬರೆದರೆ ಸುಮ್ನೆ ಕೆಂಪು ಶಾಯಿಯಲ್ಲಿ ಗೀಟು ಎಳೆಯಬೇಡಿ. ‘ನಮ್ಮಲ್ಲಿ ಇದು ನಡೆಯುತ್ತದೆ. ಹೊರದೇಶದವರಿಗೆ ಬರೆಯುವಾಗ ಬ್ರಿಂಗ್ ಫಾರ್ವರ್ಡ್ ಅಂತ ಬರೆ’ ಅಂತ ಪಕ್ಕದಲ್ಲಿ ಬರೆದುಕೊಡಿ.